ಎಳೆದು ನೋಡದ ವಯರು

ವಾರಿಜಾ, ಆ ದಿನ ಮೋಟಾರಿನ ಫೀಲ್ಡ್ ವಯರನ್ನು ಸಡಿಲವಾಗಿ ಬಿಟ್ಟವಳು ನಾನು. ಎಳೆದು ನೋಡುತ್ತೇನೆ ಎಂದು ನೀನು ಕೈ ಚಾಚಿದಾಗ ಬೇಡ ಎಂದವಳೂ ನಾನೇ. ಆಮೇಲೆ ಸರ್ ಕೇಳಿದಾಗ ನೀನು ಕನ್ನಡದಲ್ಲಿ ಹೇಳಿದ ಸತ್ಯವನ್ನು ಮಲಯಾಳದಲ್ಲಿ ಸುಳ್ಳು ಮಾಡಿ ಹೇಳಿದವಳೂ ನಾನೇ.

ಇಷ್ಟು ಬರೆಯಲು ನನಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಬೇಕಾಯಿತು. ಬರೆದು ನೋಡಿದರೆ ನಾಲ್ಕು ಸಾಲೂ ಇಲ್ಲ. ಇಷ್ಟು ಚಿಕ್ಕದನ್ನು ಇಷ್ಟು ಕಾಲ ಬಾಯೊಳಗೆ ಇಟ್ಟುಕೊಂಡು ನಾನು ಪಾಠ ಮಾಡಿದೆ, ಮದುವೆಯಾದೆ, ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಬೈದೆ — ಹೇಗೆ ಸಾಧ್ಯವಾಯಿತು ಎಂದು ಈಗ ನನಗೇ ಗೊತ್ತಾಗುವುದಿಲ್ಲ.

ನೀನೊಬ್ಬಳೇ ಓದುವುದಾದರೆ ಮುಂದೆ ಬರೆಯಬೇಕಾಗಿಯೇ ಇರಲಿಲ್ಲ. ನಿನಗೆ ಎಲ್ಲವೂ ಗೊತ್ತು. ಆದರೆ ನಾನು ಸುಳ್ಳು ಹೇಳಿದ್ದು ನಾಲ್ಕು ಜನರ ಎದುರು, ಆಮೇಲೆ ಅದನ್ನು ನಾನೂರು ಜನರಿಗೆ ಹಂಚಿದ್ದೇನೆ. ಆದ್ದರಿಂದ ಏನೂ ಗೊತ್ತಿಲ್ಲದವರಿಗೂ ತಿಳಿಯಲಿ ಎಂದು ಮೊದಲಿನಿಂದ ಬರೆಯುತ್ತಿದ್ದೇನೆ.

ನಾವಿಬ್ಬರೂ ಕನ್ನಡ, ಮಲಯಾಳ ಎರಡೂ ಇರುವ ನಮ್ಮ ಗಡಿ ಜಿಲ್ಲೆಯದೇ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಿಗೆ ಸೇರಿದವರು. ನಾನು ಸೇರಿದ್ದು ಅಲಾಟ್‌ಮೆಂಟಿನಲ್ಲಿ ನನ್ನ ರ‍್ಯಾಂಕಿಗೆ ಅದೇ ಸಿಕ್ಕಿತು ಎಂದು. ಕಂಪ್ಯೂಟರ್ ಸಿಗಲಿಲ್ಲವಲ್ಲ ಎಂದು ಮನೆಯಲ್ಲಿ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ. ನೀನು ಮಾತ್ರ ಮೊದಲ ಆಯ್ಕೆಯಾಗಿ ಎಲೆಕ್ಟ್ರಿಕಲ್ ಬರೆದಿದ್ದೆ. ಯಾಕೆ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ನನಗೆ ಈಗಲೂ ನೆನಪಿದೆ — ಕುಂಬ್ಡಾಜೆಯ ನಿಮ್ಮ ಮನೆಯಲ್ಲಿ ಸಂಜೆಯಾದರೆ ವೋಲ್ಟೇಜ್ ಇಳಿದು ಟ್ಯೂಬ್‌ಲೈಟು ಹತ್ತುತ್ತಿರಲಿಲ್ಲ, ಎರಡು ತುದಿ ಮಾತ್ರ ಕೆಂಪಾಗಿ ಉಳಿಯುತ್ತಿತ್ತು. ಅದರ ಅಡಿಯಲ್ಲಿ ಚಿಮಿಣಿ ದೀಪ ಇಟ್ಟುಕೊಂಡು ಓದುತ್ತಾ ಕರೆಂಟು ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತದೆ ಎಂದು ಯೋಚಿಸುತ್ತಿದ್ದೆಯಂತೆ. "ಅದನ್ನು ಕಲಿಯುವ ಅಂತ ಬಂದದ್ದು ಮಾರಾಯ್ತಿ" ಎಂದು ನಕ್ಕಿದ್ದೆ. ನನಗೆ ಒಳಗೊಳಗೇ ತಮಾಷೆಯೆನಿಸಿತ್ತು. ಯಾರಾದರೂ ಟ್ಯೂಬ್‌ಲೈಟು ನೋಡಿ ಇಂಜಿನಿಯರಿಂಗ್ ಸೇರುತ್ತಾರೆಯೇ ಎಂದು.

ನೀನು ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ನಮ್ಮದು ಮೂಲದಲ್ಲಿ ಮೀಂಜ ಎಂಬ ಹಳ್ಳಿ, ಮನೆಮಾತು ತುಳು. ಅಮ್ಮ ಕನ್ನಡ ಟೀಚರ್ ಆದ್ದರಿಂದ ಕನ್ನಡ ಬಂತು. ಅಪ್ಪನಿಗೆ ಕಲೆಕ್ಟರೇಟಿನಲ್ಲಿ ಕ್ಲರ್ಕ್ ಕೆಲಸವಾಗಿ ನಾವು ವಿದ್ಯಾನಗರಕ್ಕೆ ಬಂದ ಮೇಲೆ ನಾನು ಮಲಯಾಳದ ಮಕ್ಕಳ ನಡುವೆಯೇ ಬೆಳೆದೆ. ಮಲಯಾಳ ನನ್ನ ಬಾಯಲ್ಲಿ ನೀರು ಕುಡಿದ ಹಾಗೆ ಬರುತ್ತಿತ್ತು, ಅದರ ಬಗ್ಗೆ ನನಗೆ ಜಂಬವೂ ಇತ್ತು. ಕಾಲೇಜಿನಲ್ಲಿ ಪುಸ್ತಕ ಇಂಗ್ಲಿಷಿನದು, ಆದರೆ ಬೈಗುಳ, ತಮಾಷೆ, ಲ್ಯಾಬಿನಲ್ಲಿ ಹೇಳಿಕೊಡುವುದು ಎಲ್ಲ ಮಲಯಾಳದಲ್ಲಿ. ಮೊದಲ ದಿನವೇ ನೀನು ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದೆ.

"ನಿಂಗೆ ಕನ್ನಡ ಬರ್ತದಲ್ಲ? ನಂಗೆ ಮಲಯಾಳ ಕೇಳಿದ್ರೆ ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಮಾತ್ರ ನಾಲಿಗೆ ತಿರುಗುವುದಿಲ್ಲ. ಸ್ವಲ್ಪ ಹೆಲ್ಪ್ ಮಾಡ್ತೀಯಾ?"

ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ. ಇಟ್ಟುಕೊಳ್ಳದಿರುವುದು ನನಗೆ ಅನುಕೂಲವಾಗಿತ್ತು.

ಹೀಗೆ ನಾನು ನಿನ್ನ ಬಾಯಿಯಾದೆ. ಆಫೀಸಿನಲ್ಲಿ, ಹಾಸ್ಟೆಲಿನ ಮೇಟ್ರನ್ ಹತ್ತಿರ, ಸರ್‌ಗಳ ಮುಂದೆ ನೀನು ಕನ್ನಡದಲ್ಲಿ ಹೇಳಿದ್ದನ್ನು ನಾನು ಮಲಯಾಳ ಮಾಡುತ್ತಿದ್ದೆ. ಬದಲಿಗೆ ನೀನು ನನಗೆ ಸರ್ಕ್ಯೂಟು ಕಲಿಸುತ್ತಿದ್ದೆ. ನನಗೆ ಲೆಕ್ಕ ಬಿಡಿಸಲು ಬರುತ್ತಿತ್ತು, ಆದರೆ ಕರೆಂಟು ಎಲ್ಲಿಂದ ಹೊರಟು ಎಲ್ಲಿ ಸುತ್ತಿ ಬರುತ್ತದೆ ಎಂದು ಕಾಣುತ್ತಿರಲಿಲ್ಲ. ನಿನಗೆ ಕಾಣುತ್ತಿತ್ತು. ಡಯಗ್ರಾಮಿನ ಮೇಲೆ ಬೆರಳಿಟ್ಟು "ಇಲ್ಲಿಂದ ಹೋಯ್ತು, ಇಲ್ಲಿ ಎರಡು ದಾರಿ ಉಂಟು, ನೋಡು" ಎನ್ನುತ್ತಿದ್ದೆ. ಪರೀಕ್ಷೆಯಲ್ಲಿ ನನಗೆ ನಿನಗಿಂತ ಹೆಚ್ಚು ಅಂಕ ಬಂದಾಗ ನಿನಗೇ ಹೆಚ್ಚು ಖುಷಿ.

ಮೂರನೆಯ ವರ್ಷಕ್ಕೆ ಮೆಷಿನ್ಸ್ ಲ್ಯಾಬ್ ಬಂತು. ಅಲ್ಲಿ ಮೋಟಾರುಗಳನ್ನು ಓಡಿಸಿ ಅಳತೆ ತೆಗೆಯಬೇಕು. ಒಂದೊಂದು ಮೇಜಿಗೆ ಇಬ್ಬರು. ಆ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು — ಒಬ್ಬರು ವಯರು ಕೊಟ್ಟರೆ, ಅಂದರೆ ಜೋಡಿಸಿದರೆ, ಇನ್ನೊಬ್ಬರು ಪ್ರತಿಯೊಂದು ವಯರನ್ನೂ ಹಿಡಿದು ಎಳೆದು ನೋಡಬೇಕು. ಎಳೆದು ನೋಡಿದವರು ಬಾಯಿಬಿಟ್ಟು ಹೇಳಿದ ಮೇಲೆಯೇ ಸ್ವಿಚ್ಚು ಹಾಕಬೇಕು. ಬೇರೆ ಮೇಜುಗಳಲ್ಲಿ 'ಓಕೆ' ಎನ್ನುತ್ತಿದ್ದರು. ನಮ್ಮ ಮೇಜಿನಲ್ಲಿ ನೀನು "ಸರಿ ಉಂಟು" ಎನ್ನುತ್ತಿದ್ದೆ. ಅದನ್ನು ಕೇಳಿ ಇಡೀ ಲ್ಯಾಬು ನಗುತ್ತಿತ್ತು, ಕೊನೆಗೆ ಬೇರೆಯವರೂ ತಮಾಷೆಗೆ 'ಸರಿ ಉಂಟು' ಎನ್ನಲು ಶುರುಮಾಡಿದ್ದರು. ವಿಭಾಗದ ಮುಖ್ಯಸ್ಥರು, ನಾವು ದೊಡ್ಡ ಸರ್ ಎನ್ನುತ್ತಿದ್ದವರು, ಮೊದಲ ದಿನವೇ ಒಂದು ಮಾತು ಹೇಳಿದ್ದರು. ವಯರು ತಪ್ಪು ಕೊಟ್ಟರೆ ಬೈಯುತ್ತೇನೆ, ಅದು ಕಲಿಯುವಾಗ ಆಗುವುದೇ. ನೋಡದೆ ನೋಡಿದೆ ಎಂದವರಿಗೆ ಮಾತ್ರ ನನ್ನ ಲ್ಯಾಬಿನಲ್ಲಿ ಜಾಗವಿಲ್ಲ ಎಂದು.

ವಯರು ಕೊಡುವುದು ನಾನು. ಬಣ್ಣ ಹೊಂದಿಸಿ, ಮೇಜಿನ ಅಂಚಿಗೆ ಸಮನಾಗಿ ಜೋಡಿಸಿ ಕೊಡುತ್ತಿದ್ದೆ. ದೊಡ್ಡ ಸರ್ ಒಮ್ಮೆ ಬೇರೆ ಮೇಜಿನವರನ್ನು ಕರೆದು ತೋರಿಸಿ "ನೋಡಿ, ಕೆಲಸ ಎಂದರೆ ಹೀಗಿರಬೇಕು" ಎಂದಿದ್ದರು. ಆ ಹೊಗಳಿಕೆ ನನ್ನ ತಲೆಗೇರಿತ್ತು. ಪ್ರತಿ ವಾರ ನಮ್ಮ ಮೇಜೇ ಮೊದಲು ಮುಗಿಸಬೇಕು, ಸರ್ ಮೊದಲು ನಮ್ಮ ಹತ್ತಿರವೇ ಬರಬೇಕು ಎಂದು ಹಟ. ಯಾರೂ ನನ್ನೊಡನೆ ಸ್ಪರ್ಧೆಗೆ ನಿಂತಿರಲಿಲ್ಲ ಎಂಬುದು ಬೇರೆ ಮಾತು.

ಆ ದಿನ ನಮಗೆ ಡಿ.ಸಿ. ಮೋಟಾರಿನ ವೇಗ ಬದಲಿಸಿ ನೋಡುವ ಪ್ರಯೋಗ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಈ ಮೋಟಾರಿಗೆ ಎರಡು ಕಡೆ ಕರೆಂಟು ಕೊಡಬೇಕು — ಒಂದು ತಿರುಗುವ ಭಾಗಕ್ಕೆ, ಇನ್ನೊಂದು ಅದರ ಸುತ್ತಲಿನ ಫೀಲ್ಡ್ ಎನ್ನುವ ಸುರುಳಿಗೆ. ಫೀಲ್ಡ್ ಸರಿಯಾಗಿದ್ದಷ್ಟು ಹೊತ್ತು ಮೋಟಾರು ಹದ್ದುಬಸ್ತಿನಲ್ಲಿರುತ್ತದೆ. ಭಾರವಿಲ್ಲದೆ ಓಡುವಾಗ ಫೀಲ್ಡ್ ವಯರು ಕಳಚಿತೋ, ವೇಗ ಏರುತ್ತಲೇ ಹೋಗುತ್ತದೆ, ಕೊನೆಗೆ ಮೋಟಾರು ತನ್ನನ್ನೇ ಹರಿದುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ತಾನಾಗಿ ಕರೆಂಟು ಬಿಡಿಸುವ ಸ್ಟಾರ್ಟರು ನಮ್ಮ ಮೇಜಿನಲ್ಲಿ ಇರಲಿಲ್ಲ.

ನಾನು ವಯರು ಕೊಟ್ಟು ಮುಗಿಸಿದೆ. ಫೀಲ್ಡಿನ ಟರ್ಮಿನಲ್ಲಿನಲ್ಲಿ ವಯರು ಸಿಕ್ಕಿಸಿ ಮೇಲಿನ ತಿರುಪನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ್ದು ನೆನಪಿದೆ. ಪೂರ್ತಿ ಬಿಗಿ ಮಾಡಿದ್ದು ನೆನಪಿಲ್ಲ — ಇಲ್ಲ, ಇದನ್ನೂ ನೇರವಾಗಿ ಹೇಳುತ್ತೇನೆ. ಬಿಗಿ ಮಾಡಲಿಲ್ಲ. ಆಮೇಲೆ ಮಾಡುವ ಎಂದುಕೊಂಡು ಮೀಟರಿನ ಕಡೆ ಹೋದೆ, ಮರೆತೆ. ಪಕ್ಕದ ಮೇಜಿನಲ್ಲಿ ಅಷ್ಟರಲ್ಲಿ 'ಓಕೆ' ಎಂದಾಗಿತ್ತು.

ನೀನು ಎಂದಿನ ಹಾಗೆ ಕೈ ಚಾಚಿದೆ.

"ತಡಿ, ಎಳೆದು ನೋಡ್ತೇನೆ."

"ಬೇಡ ಮಾರಾಯ್ತಿ, ನಾನೇ ಎಲ್ಲ ಎಳೆದು ನೋಡಿದ್ದೇನೆ. ನೀನು ಟ್ಯಾಕೋಮೀಟರ್ ಹಿಡಿ, ಹೊತ್ತಾಯ್ತು."

ಒಂದು ವಯರನ್ನೂ ನಾನು ಎಳೆದು ನೋಡಿರಲಿಲ್ಲ. ನೀನು ಒಂದು ಕ್ಷಣ ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡೆ. ನಾನೇ ಗಟ್ಟಿಯಾಗಿ "ಸರಿ ಉಂಟು" ಎಂದೆ. ಎಲ್ಲರೂ ನಕ್ಕರು.

ಮೋಟಾರು ಚೆನ್ನಾಗಿಯೇ ಶುರುವಾಯಿತು. ನೀನು ಬಗ್ಗಿ, ವೇಗ ಅಳೆಯುವ ಟ್ಯಾಕೋಮೀಟರನ್ನು ತಿರುಗುವ ಶಾಫ್ಟಿನ ತುದಿಗೆ ಒತ್ತಿ ಹಿಡಿದಿದ್ದೆ. ಒಂದೆರಡು ಅಳತೆ ತೆಗೆದೆವು. ಆಮೇಲೆ ಮೋಟಾರಿನ ಸದ್ದು ಬದಲಾಯಿತು. ಗುಂಯ್ ಎನ್ನುತ್ತಿದ್ದದ್ದು ಕಿರುಚತೊಡಗಿತು, ಮೇಜು ನಡುಗಿತು. ನಿನ್ನ ಕೈಯಲ್ಲಿದ್ದ ಟ್ಯಾಕೋಮೀಟರು ತಿರುಚಿಕೊಂಡು ಹಾರಿತು, ನಿನ್ನ ಬಲಗೈ ಮಣಿಕಟ್ಟಿಗೆ ಹೊಡೆದು ಕೆಳಗೆ ಬಿತ್ತು. ನಾನು ಏನು ಮಾಡಿದೆ? ಹಿಂದಕ್ಕೆ ಹಾರಿ ಗೋಡೆಗೆ ಒರಗಿ ನಿಂತೆ. ನೀನು ಆ ಕಿರುಚುವ ಮೋಟಾರನ್ನು ದಾಟಿ ಹೋಗಿ, ಎಡಗೈಯಿಂದ ಸ್ವಿಚ್ಚು ಎಳೆದೆ.

ಇದನ್ನು ಯಾರೂ ಎಂದೂ ಹೇಳಿಲ್ಲ ವಾರಿಜಾ. ಎಲ್ಲರೂ ಓಡಿಬರುವಾಗ ಮೋಟಾರು ನಿಲ್ಲುತ್ತಾ ಬಂದಿತ್ತು. ಸ್ವಿಚ್ಚು ಎಳೆದದ್ದು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಿನ್ನ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಬಂದ ಮೇಲೆ ದೊಡ್ಡ ಸರ್ ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಲ್ಯಾಬಿನ ಇನ್ನಿಬ್ಬರು ಟೀಚರುಗಳೂ ಇದ್ದರು. ಸರ್ ಜಿಲ್ಲೆಯ ದಕ್ಷಿಣದ, ಬರೀ ಮಲಯಾಳದ ಕಡೆಯವರು, ಮೂವರಿಗೂ ಕನ್ನಡ ಒಂದಕ್ಷರ ತಿಳಿಯದು. ಆದರೂ ಅವರು ಒರಟಾಗಿ ಕೇಳಲಿಲ್ಲ. ಮೊದಲು ನಿನ್ನ ಕೈ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಈ ಹುಡುಗಿಗೆ ತನ್ನ ಭಾಷೆಯಲ್ಲೇ ಹೇಳಲು ಬಿಡು, ಅವಳು ಹೇಳಿದ್ದನ್ನು ನೀನು ನನಗೆ ಹೇಳು ಎಂದರು. ಅವರು ನ್ಯಾಯವಾಗಿ ನಡೆದುಕೊಂಡಿದ್ದರು. ಅವರ ನ್ಯಾಯ ನನ್ನ ನಾಲಿಗೆಯ ಮೇಲೆ ನಿಂತಿತ್ತು.

ನೀನು ಹೇಳಿದ್ದು ಇಷ್ಟು. ಇವತ್ತು ಅಕ್ಷರ ಬಿಡದೆ ಬರೆಯುತ್ತೇನೆ.

"ವಯರ್ ಕೊಟ್ಟದ್ದು ಇವಳು ಸರ್. ನಾನು ಎಳೆದು ನೋಡ್ತೇನೆ ಅಂದೆ. ಬೇಡ, ನಾನೇ ನೋಡಿದ್ದೇನೆ ಅಂದಳು. ಬೇಕೂಂತ ಮಾಡಿದ್ದಲ್ಲ ಸರ್, ಅವಸರದಲ್ಲಿ ಆದದ್ದು. ಅವಳಿಗೆ ಬೈಬೇಡಿ."

ಕೊನೆಯ ಮಾತು ಕೇಳಿದೆಯಾ? ನನಗೆ ಬೈಯಬಾರದು ಎಂದೂ ನೀನೇ ಕೇಳಿಕೊಂಡಿದ್ದೆ. ಬ್ಯಾಂಡೇಜು ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು.

ನಾನು ಮಲಯಾಳದಲ್ಲಿ ಹೇಳಿದೆ — ವಯರು ಕೊಟ್ಟದ್ದು ನಾನೇ ಸರ್. ಎಳೆದು ನೋಡುವ ಸರದಿ ಇವಳದು. ನೋಡದೆಯೇ ಸರಿ ಉಂಟು ಎಂದುಬಿಟ್ಟಳಂತೆ. ಮರನ್ನು ಪೋಯಿ — ಮರೆತುಹೋಯಿತು ಎನ್ನುತ್ತಾಳೆ.

ಎಷ್ಟು ಚೆನ್ನಾಗಿ ಹೇಳಿದೆ ನೋಡು. ಮೊದಲ ಮಾತು ನಿಜ. ವಯರು ಕೊಟ್ಟದ್ದು ನಾನೇ ಎಂದು ಒಪ್ಪಿಕೊಂಡ ಹುಡುಗಿ ಮುಂದಿನದರಲ್ಲಿ ಸುಳ್ಳು ಹೇಳುತ್ತಾಳೆ ಎಂದು ಯಾರಿಗೆ ಅನಿಸುತ್ತದೆ? ನಾನು ಮಾಡಿದ ತಪ್ಪನ್ನೇ, ನಾನು ಹೇಳಿದ ಸುಳ್ಳನ್ನೇ ಎತ್ತಿ ನಿನ್ನ ತಲೆಯ ಮೇಲೆ ಇಟ್ಟಿದ್ದೆ. ಲ್ಯಾಬಿನವರೆಲ್ಲ 'ಸರಿ ಉಂಟು' ಕೇಳಿಸಿಕೊಂಡಿದ್ದರು. ಅದು ಯಾರ ಮಾತು ಎಂದು ಯಾರನ್ನು ಕೇಳಿದರೂ ನಿನ್ನ ಹೆಸರನ್ನೇ ಹೇಳುತ್ತಿದ್ದರು.

ಸರ್ ನಿನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು. "ಅಂಙನೆ ಆಣೋ, ವಾರಿಜಾ?" ಹಾಗೆಯೋ ಎಂದು.

ನೀನು ನನ್ನನ್ನು ನೋಡಿದೆ. ಸಿಟ್ಟಿನಿಂದ ನೋಡಲಿಲ್ಲ. ಬಸ್ಸು ತಪ್ಪಿತೋ ಏನೋ ಎಂದು ರಸ್ತೆ ನೋಡುವವರ ಹಾಗೆ ನೋಡಿದೆ. ಆಮೇಲೆ ಸರ್ ಕಡೆ ತಿರುಗಿ "ಅದೆ, ಸರ್" ಎಂದೆ. ಹೌದು ಎಂದು. ಆ ಕೋಣೆಯಲ್ಲಿ ನೀನು ಆಡಿದ ಒಂದೇ ಮಲಯಾಳ ಮಾತು ಅದು.

ಅದನ್ನು ನಾನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಪಾಪ, ಅವಳಿಗೆ ಸರ್ ಕೇಳಿದ್ದು ಗೊತ್ತಾಗಲಿಲ್ಲ, ಹೆದರಿ ಹೌದು ಎಂದಳು. ನಾನು ಏನು ಹೇಳಿದೆ ಎಂದೂ ಅವಳಿಗೆ ತಿಳಿದಿಲ್ಲ. ತಿಳಿಯದಿದ್ದರೆ ನೋವೂ ಇಲ್ಲ. ಹೀಗೆಲ್ಲ ಹೇಳಿಕೊಂಡು ಆ ರಾತ್ರಿ ಊಟ ಮಾಡಿ ನಿದ್ದೆಯನ್ನೂ ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಹೊರಗೆ ವರಾಂಡದಲ್ಲಿ ನೀನು ನನಗೆ ಹೇಳಿದ್ದು ಒಂದೇ ಮಾತು. "ಇನ್ನು ನನ್ನ ಮಾತು ನಾನೇ ಹೇಳ್ತೇನೆ ಮಾರಾಯ್ತಿ. ನಿಂಗೆ ಯಾಕೆ ಸುಮ್ಮನೆ ತೊಂದರೆ." ಅದನ್ನೂ ನಾನು ಒಳ್ಳೆಯದಾಯಿತು ಎಂದುಕೊಂಡೆ.

ಆ ಸೆಮಿಸ್ಟರಿನ ಮಟ್ಟಿಗೆ ನಿನ್ನನ್ನು ಲ್ಯಾಬಿನಿಂದ ಹೊರಗಿಟ್ಟರು. ಮುಂದಿನ ವರ್ಷ ಜೂನಿಯರುಗಳ ಜೊತೆ ಮತ್ತೆ ಮಾಡಬೇಕು ಎಂದಾಯಿತು. ನನ್ನ ಮೇಜಿಗೆ ಬೇರೆ ಜೊತೆ ಸಿಕ್ಕಿತು. ನಿನಗೆ 'ಸರಿ ಉಂಟು' ಎಂದೇ ಅಡ್ಡಹೆಸರು ಬಿತ್ತು, ಕ್ಯಾಂಟೀನಿನಲ್ಲಿ ಹಿಂದಿನಿಂದ ಯಾರಾದರೂ ಕೂಗುವುದು, ಉಳಿದವರು ನಗುವುದು. ನೀನು ಹೇಳಿದಂತೆಯೇ ನಿನ್ನ ಮಾತು ನೀನೇ ಆಡಲು ಹೊರಟೆ. ತಪ್ಪು ತಪ್ಪು ಮಲಯಾಳ ಮಾತಾಡುವಾಗ ಎಲ್ಲರೂ ನಕ್ಕರು. ಅವರ ನಡುವೆ ನಾನೂ ನಕ್ಕೆ. ಇದಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ. ಹೆದರಿ ಸುಳ್ಳು ಹೇಳಿದೆ ಎಂದರೆ ಕೇಳುವವರು ಹೋಗಲಿ ಎನ್ನಬಹುದು. ಆದರೆ ನಗಲು ನನಗೆ ಯಾರ ಹೆದರಿಕೆಯಿತ್ತು?

ಮುಂದಿನ ವರ್ಷ ನೀನು ಲ್ಯಾಬಿನ ಬಾಗಿಲಲ್ಲಿ ಜೂನಿಯರುಗಳ ಸಾಲಿನ ಕೊನೆಗೆ ನಿಂತಿರುತ್ತಿದ್ದೆ. ನಾನು ಅದನ್ನು ದೂರದಿಂದ ಕಂಡು ಇನ್ನೊಂದು ಮೆಟ್ಟಿಲಿನಿಂದ ಇಳಿದುಹೋಗುತ್ತಿದ್ದೆ. ಮೋಟಾರಿನ ಮುಂದೆ ನಿಂತರೆ ನಿನಗೆ ಸ್ವಿಚ್ಚು ಮುಟ್ಟಲು ಆಗುವುದಿಲ್ಲ ಎಂದು ಯಾರೋ ಹೇಳಿದರು. ಲ್ಯಾಬ್ ಪರೀಕ್ಷೆಯಲ್ಲಿ ನೀನು ವಯರು ಕೊಟ್ಟು, ಎಳೆದು ನೋಡಿ, ಮತ್ತೆ ಎಳೆದು ನೋಡಿ, ಸ್ವಿಚ್ಚು ಹಾಕದೆಯೇ ಹೊರಗೆ ಬಂದೆಯಂತೆ. ಕೊನೆಯ ಸೆಮಿಸ್ಟರಿಗೆ ನೀನು ಬರಲಿಲ್ಲ. ಆಗಲಾದರೂ — ಆಗಲಾದರೂ ನಾನು ದೊಡ್ಡ ಸರ್ ಕೋಣೆಗೆ ಹೋಗಬಹುದಿತ್ತು. ಅವರು ಬಾಗಿಲು ಹಾಕಿಕೊಂಡು ಕೂರುವವರಾಗಿರಲಿಲ್ಲ.

ನಾನು ಪಾಸಾದೆ, ಮೇಲೆ ಓದಿದೆ, ಟೀಚರಾದೆ. ನಗು ಬರುವ ವಿಷಯವೆಂದರೆ ಈಗ ನಾನು ಕಲಿಸುವುದು ಮೆಷಿನ್ಸ್ ಲ್ಯಾಬು. ಕಾಲೇಜು ಬೇರೆ, ಮೋಟಾರುಗಳು ಬೇರೆ, ಪದ್ಧತಿ ಅದೇ. ಪ್ರತಿ ವರ್ಷ ಮೊದಲ ದಿನ ಮಕ್ಕಳಿಗೆ ಎಚ್ಚರಿಕೆ ಹೇಳುವಾಗ ನಾನು ಒಂದು ಕಥೆ ಹೇಳುತ್ತಿದ್ದೆ. "ನನ್ನ ಬ್ಯಾಚಿನಲ್ಲಿ ಒಬ್ಬಳು ಇದ್ದಳು, ಎಳೆದು ನೋಡದೆಯೇ ಸರಿ ಉಂಟು ಎಂದಳು, ಆಮೇಲೆ ಏನಾಯಿತು ಗೊತ್ತೇ?" ಹೀಗೆ ಶುರುವಾಗುತ್ತಿತ್ತು. ಕಥೆ ಚೆನ್ನಾಗಿ ಓಡುತ್ತಿತ್ತು. ನಿನ್ನ ಮಲಯಾಳವನ್ನು ಅನುಕರಿಸಿ ತೋರಿಸುತ್ತಿದ್ದೆ, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ವರ್ಷ ವರ್ಷ ಹೇಳಿ ಹೇಳಿ ಅದೇ ನಿಜವೆಂದು ನನಗೂ ಅನಿಸತೊಡಗಿತ್ತು. ಎಷ್ಟೋ ಸಲ ಮನಸ್ಸಿನಲ್ಲಿ ಆ ದಿನವನ್ನು ನೆನೆಸಿಕೊಂಡಾಗ ಸ್ವಿಚ್ಚು ಎಳೆದದ್ದು ನಾನೇ ಆಗಿರುತ್ತಿದ್ದೆ.

ಈ ವರ್ಷವೂ ಹೇಳಿದೆ. ಎಲ್ಲರೂ ನಕ್ಕರು, ಹಿಂದಿನ ಮೇಜಿನ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಅನ್ವಿತಾ ಎಂದು ಹೆಸರು, ಕನ್ನಡ ಮೀಡಿಯಂನಿಂದ ಬಂದವಳು, ಚುರುಕಾದ ಹುಡುಗಿ. ಕ್ಲಾಸು ಬಿಟ್ಟ ಮೇಲೆ ಹತ್ತಿರ ಬಂದಳು.

"ಮೇಡಂ, ನೀವು ಹೇಳಿದ ಕಥೆ ನಮ್ಮ ಚಿಕ್ಕಮ್ಮನೂ ಹೇಳ್ತಾರೆ. ಅವರದ್ದು ಸ್ವಲ್ಪ ಬೇರೆ ಉಂಟು."

"ಎಂತ ಬೇರೆ?"

"ಜೊತೆಯವಳು ನೋಡಿದ್ದೇನೆ ಅಂದ್ರೂ ನೀನು ಎಳೆದು ನೋಡದೆ ಬಿಡಬೇಡ ಅಂತ. ಅಷ್ಟೇ ಹೇಳುವುದು. ಯಾರದ್ದು ತಪ್ಪು ಅಂತ ಕೇಳಿದ್ರೆ ಮಾತು ಬದಲಿಸ್ತಾರೆ."

ಯಾರೆಂದು ಗೊತ್ತಿದ್ದೂ ಕೇಳಿದೆ. "ಯಾರು ನಿನ್ನ ಚಿಕ್ಕಮ್ಮ?"

"ವಾರಿಜಾ ಅಂತ ಮೇಡಂ. ಮುಳ್ಳೇರಿಯಾದಲ್ಲಿ ಪ್ಲಸ್ ಟು ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಕೊಡ್ತಾರೆ. ನಂಗೆ ಎಲೆಕ್ಟ್ರಿಕಲ್ ತಗೋ ಅಂತ ಹೇಳಿದ್ದು ಅವರೇ. ಅವರಿಗೆ ಮುಗಿಸ್ಲಿಕ್ಕೆ ಆಗ್ಲಿಲ್ಲ ಅಲ್ವಾ."

ನಾನು ಆಗಲೂ ಏನು ಕೇಳಿದೆ ಗೊತ್ತೇ? ಇನ್ನೂ ತಪ್ಪಿಸಿಕೊಳ್ಳುವ ಒಂದು ಸಂದಿ ಇದೆಯೇ ಎಂದು ಹುಡುಕಿದೆ. "ಅವರಿಗೆ ಮಲಯಾಳ ಅರ್ಥ ಆಗ್ತಿರಲಿಲ್ಲ, ಅಲ್ವಾ?"

ಅವಳಿಗೆ ಆಶ್ಚರ್ಯವಾಯಿತು. "ಮಾತಾಡ್ಲಿಕ್ಕೆ ಬರ್ತಿರಲಿಲ್ಲವಂತೆ ಮೇಡಂ. ಅರ್ಥ ಆಗದೆ ಎಂತ? ಈ ಊರಿನಲ್ಲೇ ಹುಟ್ಟಿದವರಲ್ವಾ?"

ಅವಳು ಹೋದಳು. ನಾನು ಲ್ಯಾಬಿನ ಸ್ಟೂಲಿನ ಮೇಲೆ ಕೂತೆ. ಮೊದಲ ದಿನ ನೀನು ಹೇಳಿದ್ದು — ಕೇಳಿದರೆ ಅರ್ಥವಾಗುತ್ತದೆ, ಮಾತಾಡಲು ಮಾತ್ರ — ಅದು ಮೊನ್ನೆ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಹಾಗಾದರೆ ದೊಡ್ಡ ಸರ್ ಕೋಣೆಯಲ್ಲಿ ನೀನು ನನ್ನ ಪಕ್ಕದಲ್ಲೇ ನಿಂತು ನನ್ನ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದೆ. ನಿನ್ನ ಬಾಯಿಯಾಗಿದ್ದವಳು ನಿನ್ನ ಎದುರೇ ನಿನ್ನನ್ನು ಮಾರುವುದನ್ನು ನೋಡುತ್ತಾ ನಿಂತಿದ್ದೆ. 'ಅಲ್ಲ' ಎನ್ನಲು ಮಲಯಾಳದಲ್ಲೂ ಒಂದೇ ಮಾತು ಸಾಕಿತ್ತು, ಅದು ನಿನಗೆ ಬರುತ್ತಿತ್ತು. ನೀನು ಯಾಕೆ ಹೌದು ಎಂದೆ? ನನ್ನನ್ನು ಉಳಿಸಲೋ, ನನ್ನ ಮುಖ ನೋಡಿ ಹೇಸಿಗೆಯಾಗಿಯೋ, ಇನ್ನು ಯಾರು ನಂಬುತ್ತಾರೆ ಎಂದೋ. ನನಗೆ ತಿಳಿಯದು. ಉಳಿಸಲೆಂದೇ ಹೇಳಿದೆ ಎಂದು ಅಂದುಕೊಂಡರೆ ನನಗೆ ಹಿತವಾಗುತ್ತದೆ. ಅದಕ್ಕೇ ಹಾಗೆ ಅಂದುಕೊಳ್ಳುವುದಿಲ್ಲ.

ಮುಂದಿನ ಭಾನುವಾರ ನೀಲೇಶ್ವರದ ಕಡೆ ಇರುವ ದೊಡ್ಡ ಸರ್ ಮನೆ ಹುಡುಕಿಕೊಂಡು ಹೋದೆ. ನಿವೃತ್ತರಾಗಿ ಎಷ್ಟೋ ಕಾಲವಾಗಿದೆ, ಕಿವಿ ಸ್ವಲ್ಪ ಮಂದ. ಗಟ್ಟಿಯಾಗಿ ಹೇಳಬೇಕಾಯಿತು. ಇಷ್ಟು ವರ್ಷ ಉಸಿರು ಬಿಡದೆ ಇಟ್ಟುಕೊಂಡದ್ದನ್ನು ಅವರ ಜಗಲಿಯಲ್ಲಿ ಕೂಗಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಆ ಮೋಟಾರು ನೆನಪಿದೆ" ಎಂದರು ಮಲಯಾಳದಲ್ಲಿ. "ರಿವೈಂಡ್ ಮಾಡಿಸಿದ ಮೇಲೂ ಮೊದಲಿನ ಹಾಗೆ ಓಡಲೇ ಇಲ್ಲ. ಹುಡುಗಿ... ಯಾವ ಹುಡುಗಿ?"

ನಾನು ನಿನ್ನ ಹೆಸರು ಹೇಳಿದೆ. ಊರು ಹೇಳಿದೆ, ಬ್ಯಾಂಡೇಜು ಕಟ್ಟಿದ ಕೈ ಎಂದೆ. ಅವರಿಗೆ ನೆನಪಾಗಲಿಲ್ಲ. ಈಗ ಯಾಕೆ ಇದೆಲ್ಲ, ಚಿಕ್ಕ ಪ್ರಾಯದಲ್ಲಿ ಆದದ್ದು, ಮರೆತುಬಿಡು ಎಂದು ಚಹಾ ಕೊಟ್ಟರು. ಕುಡಿದೆ. ಅವರು ಕ್ಷಮಿಸಿದ್ದರಲ್ಲಿ ಅರ್ಥವಿರಲಿಲ್ಲ, ಅವರಿಗೆ ನಾನೇನೂ ಮಾಡಿರಲಿಲ್ಲ. ಹಿಂದೆ ಬರುವಾಗ ಬಸ್ಸಿನಲ್ಲಿ ಅತ್ತೆ. ನೀನು ಅಷ್ಟು ಕಷ್ಟಪಟ್ಟು ಬಂದು ಸೇರಿದ ಆ ವಿಭಾಗದಲ್ಲಿ ಮೋಟಾರಿಗೆ ಸಿಕ್ಕಿದಷ್ಟು ಜಾಗವೂ ನಿನಗೆ ಉಳಿಯದ ಹಾಗೆ ಮಾಡಿದ್ದೆ.

ಮರುವಾರದ ಲ್ಯಾಬಿನಲ್ಲಿ ಮಕ್ಕಳನ್ನೆಲ್ಲ ಮುಂದೆ ನಿಲ್ಲಿಸಿ, ಹೋದ ವಾರ ಹೇಳಿದ ಕಥೆಯಲ್ಲಿ ಇಬ್ಬರು ಹುಡುಗಿಯರು ಅದಲುಬದಲಾಗಿದ್ದಾರೆ ಎಂದೆ. ಎಳೆದು ನೋಡದೆ ನೋಡಿದೆ ಎಂದವಳು ರೇಷ್ಮಾ, ಅಂದರೆ ನಾನು. ಮೋಟಾರು ನಿಲ್ಲಿಸಿದವಳು ವಾರಿಜಾ. ಆಮೇಲೆ ಅಂದು ಆ ಕೋಣೆಯಲ್ಲಿ ನಾನು ಹೇಳಬೇಕಾಗಿದ್ದ ನಿನ್ನ ಮಾತನ್ನು ಮಲಯಾಳದಲ್ಲಿ ಹೇಳಿದೆ — ವಯರು ಕೊಟ್ಟದ್ದು ಇವಳು, ನಾನು ಎಳೆದು ನೋಡುತ್ತೇನೆ ಎಂದೆ, ಬೇಡ ಎಂದಳು, ಬೇಕೆಂದು ಮಾಡಿದ್ದಲ್ಲ, ಅವಳಿಗೆ ಬೈಯಬೇಡಿ. ಕೊನೆಯ ಮಾತನ್ನೂ ಬಿಡಲಿಲ್ಲ. ಮಕ್ಕಳು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದರು. ಯಾರೂ ನಗಲಿಲ್ಲ.

ನಿನ್ನ ನಂಬರನ್ನು ನಾನು ಅನ್ವಿತಾಳ ಹತ್ತಿರ ಕೇಳಿಲ್ಲ. ಫೋನು ಮಾಡಿದರೆ ನೀನು ಪರವಾಗಿಲ್ಲ ಎಂದುಬಿಡುತ್ತೀ ಎಂಬ ಹೆದರಿಕೆ. ಅದು ನಿನಗೆ ನಾನು ಹೊರಿಸುವ ಇನ್ನೊಂದು ಕೆಲಸವಾಗುತ್ತದೆ. ಬಾ ಎಂದು ನೀನು ಹೇಳಿ ಕಳಿಸಿದರೆ ಬರುತ್ತೇನೆ. ಇಲ್ಲದಿದ್ದರೆ ಪ್ರತಿ ವರ್ಷ ಮೊದಲ ದಿನ, ನಾನು ಈ ಕೆಲಸದಲ್ಲಿ ಇರುವಷ್ಟು ಕಾಲ, ಹೆಸರು ಬದಲಿಸದೆ ಆ ಕಥೆ ಹೇಳುತ್ತೇನೆ.

ಇನ್ನೊಂದು ವಿಷಯ ನಿನಗೆ ತಿಳಿಯಬೇಕು. ಕಥೆ ತಿದ್ದಿ ಹೇಳಿದ ಆ ದಿನ ಎಲ್ಲರೂ ಅವರವರ ಮೇಜಿಗೆ ಹೋದರು. ಅನ್ವಿತಾಳ ಜೊತೆಯವಳು ರಜೆ, ಹಾಗಾಗಿ ಅವಳು ಕೊಟ್ಟ ವಯರುಗಳನ್ನು ನಾನೇ ಎಳೆದು ನೋಡಿದೆ. ಒಂದನ್ನೂ ಬಿಡಲಿಲ್ಲ. "ಸರಿ ಉಂಟು, ಸ್ವಿಚ್ ಹಾಕು" ಎಂದೆ. ಅವಳು ಸ್ವಿಚ್ಚಿಗೆ ಕೈ ಹಾಕಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಮೊದಲಿನ ವಯರಿನಿಂದ ಶುರುಮಾಡಿ, ನನ್ನ ಎದುರೇ, ಒಂದೊಂದನ್ನೂ ಹಿಡಿದು ಎಳೆದು ನೋಡುತ್ತಾ ಹೋದಳು. ಫೀಲ್ಡ್ ವಯರನ್ನು ಎರಡು ಸಲ ಎಳೆದಳು. ಅವಳು ಮುಗಿಸುವ ತನಕ ನಾನು ಕೈಕಟ್ಟಿ ಪಕ್ಕದಲ್ಲಿ ನಿಂತಿದ್ದೆ.